ಖಾಲಿ ಮಾಡಿಸಿದ ಮನೆ

ಭಾಗ್ಯನಗರದಲ್ಲಿ ನಮ್ಮದೊಂದು ಮನೆ ಇದೆ. ಕೆಳಗೆ ನಾವಿದ್ದೇವೆ. ಹೊರಗಿನ ಮೆಟ್ಟಿಲು ಹತ್ತಿ ಹೋದರೆ ಮೇಲೆ ಎರಡು ಸಣ್ಣ ಮನೆಗಳು, ಎರಡನ್ನೂ ಬಾಡಿಗೆಗೆ ಕೊಡುತ್ತೇವೆ. ಒಂದು ಹಾಲ್, ಅಡುಗೆಮನೆ, ಬಚ್ಚಲು, ಅಷ್ಟೇ. ಎಡಗಡೆಯ ಮನೆಯಲ್ಲಿ ಆರು ವರ್ಷ ಇದ್ದ ಒಂದು ಕುಟುಂಬವನ್ನು ನಾನು ಖಾಲಿ ಮಾಡಿಸಿದೆ. ಆ ಸಂಗತಿಯನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ನನ್ನ ಗಂಡನಿಗೆ ಗೊತ್ತಿದೆ, ಆದರೆ ಅವರು ಅದನ್ನು ಬೇರೆ ರೀತಿಯಲ್ಲಿ ನೆನಪಿಟ್ಟುಕೊಂಡಿದ್ದಾರೆ.

ನಾನು ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ವರ್ಗವಾದ ಕಡೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದೆ. ಗಂಡ ಖಾಸಗಿ ಹೈಸ್ಕೂಲುಗಳಲ್ಲಿ ಆಟದ ಮಾಸ್ತರರು. ನಾನು ಹೋದ ಊರಲ್ಲಿ ಅವರೂ ಒಂದು ಶಾಲೆ ಹುಡುಕಿಕೊಳ್ಳುತ್ತಿದ್ದರು. ಹೀಗೆ ಹದಿನಾಲ್ಕು ವರ್ಷ ಬೇರೆಯವರ ಮನೆಗಳಲ್ಲಿ ಕಳೆದೆವು. ಕುಷ್ಟಗಿಯಲ್ಲಿ ಎರಡು ಮನೆ, ಗಂಗಾವತಿಯಲ್ಲಿ ಒಂದು, ಕೊಪ್ಪಳದಲ್ಲಿ ಮೂರು. ಕುಷ್ಟಗಿಯ ಮಾಲಕಿ ನಮ್ಮ ಮನೆಗೆ ನೆಂಟರು ಬಂದರೆ ಕಿಟಕಿಯಲ್ಲಿ ನಿಂತು ತಲೆ ಎಣಿಸುತ್ತಿದ್ದಳು. ಗಂಗಾವತಿಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಮಗಳ ನಾಮಕರಣದ ಫೋಟೋ ಎರಡು ವರ್ಷ ಟ್ರಂಕಿನೊಳಗೇ ಇತ್ತು. ನಾನೇನಾದರೂ ಮನೆ ಕಟ್ಟಿದರೆ ಇಂಥ ಮಾಲಕಿ ಆಗುವುದಿಲ್ಲ ಎಂದು ಪ್ರತಿ ಮನೆಯಲ್ಲೂ ಅಂದುಕೊಂಡಿದ್ದೆ.

ಗಂಡನಿಗೆ ಪೆನ್ಷನ್ ಇರಲಿಲ್ಲ. ಅದೇ ಅವರ ಚಿಂತೆ. ನನ್ನ ಜೊತೆಗೆ ಕೆಲಸ ಮಾಡುವವರು ಹುಲಿಗಿ ರಸ್ತೆಯಲ್ಲಿ ಒಂದು ಸೈಟ್ ಹಿಡಿದು ಸುಮ್ಮನೆ ಕೂತುಬಿಡಿ, ಬೆಲೆ ತಾನೇ ಏರುತ್ತದೆ ಎಂದರು. ನಮಗೆ ಹಾಗೆ ಕಾಯುವ ಧೈರ್ಯವಿರಲಿಲ್ಲ. ತಿಂಗಳು ತಿಂಗಳು ಏನಾದರೂ ಕೈಗೆ ಬರಬೇಕು. ಕೊನೆಗೆ ನನ್ನ ಬಳೆ, ಗಂಡನ ಪಾಲಿಗೆ ಬಂದ ಯಲಬುರ್ಗಾ ಕಡೆಯ ತುಂಡು ಹೊಲ, ಬ್ಯಾಂಕಿನ ಸಾಲ, ಮೂರೂ ಸೇರಿ ಭಾಗ್ಯನಗರದ ಈ ಜಾಗ ನಮ್ಮದಾಯಿತು.

ಮೇಲೆ ಒಂದೇ ದೊಡ್ಡ ಮನೆ ಮಾಡೋಣ ಎಂದು ನಾನು ನಕ್ಷೆ ಬರೆಸಿದ್ದೆ. ಮನೆ ಕಟ್ಟಲು ಹಿಡಿದಿದ್ದ ಗೌಂಡಿ ಅದನ್ನು ನೋಡಿ ತಲೆ ಅಲ್ಲಾಡಿಸಿದ.

"ಎರಡು ಸಣ್ಣವು ಮಾಡ್ರಿ ಅಕ್ಕಾರ. ಒಂದು ಖಾಲಿ ಬಿದ್ರೂ ಇನ್ನೊಂದು ಕೈ ಹಿಡಿತೈತಿ. ಮೀಟರ್ ಬ್ಯಾರೆ ಬ್ಯಾರೆ ಹಾಕಸ್ರಿ, ಕರೆಂಟಿನ ಜಗಳ ಬರಂಗಿಲ್ಲ."

ಅವನು ಹೇಳಿದಂತೆಯೇ ಮಾಡಿದೆವು. ಆದರೂ ತಪ್ಪುಗಳಾದವು. ಬಲಗಡೆಯ ಮನೆಯ ಬಚ್ಚಲಿನ ಇಳಿಜಾರು ಕೆಟ್ಟು, ಅವರು ಸ್ನಾನ ಮಾಡಿದರೆ ನಮ್ಮ ದೇವರ ಕೋಣೆಯ ಚಾವಣಿ ತೊಟ್ಟಿಕ್ಕುತ್ತಿತ್ತು. ಒಡೆಸಿ ಮತ್ತೆ ಮಾಡಿಸಿದೆವು. ವಾಸ್ತುಶಾಂತಿ ಮುಗಿದ ಮರುದಿನ ಗಂಡ ರಟ್ಟಿನ ಮೇಲೆ "ಮನೆ ಬಾಡಿಗೆಗೆ ಇದೆ" ಎಂದು ಬಣ್ಣದಲ್ಲಿ ಬರೆದು ಗೇಟಿಗೆ ಕಟ್ಟಿದರು. ಮನೆ ನೋಡಲು ಮಂದಿ ಬಂದರು. ಎಷ್ಟು ಮಂದಿ ಇದ್ದೀರಿ, ಯಾವ ಮಂದಿ, ನೆಂಟರು ಬಹಳ ಬರುತ್ತಾರೇನು ಎಂದು ಕೇಳಿದೆ. ಕೇಳುವಾಗ ನನ್ನ ಬಾಯಲ್ಲಿ ಕುಷ್ಟಗಿಯ ಮಾಲಕಿಯೇ ಮಾತಾಡಿದಂತಾಗಿ ನನಗೇ ಕಸಿವಿಸಿಯಾಯಿತು. ಆದರೂ ಕೇಳುವುದನ್ನು ಬಿಡಲಿಲ್ಲ.

ಆ ಕುಟುಂಬ ಬಂದದ್ದು ಆಗಲೇ. ಗಂಡ, ಹೆಂಡತಿ, ಎರಡು ವರ್ಷದ ಹೆಣ್ಣುಮಗು. ಕುಷ್ಟಗಿ ತಾಲೂಕಿನ ಒಂದು ಹಳ್ಳಿಯವರು. ಅವನಿಗೆ ಸಾಮಾನು ಸಾಗಿಸುವ ಸ್ವಂತ ಆಟೋ ಇತ್ತು. ಅವಳು ಬಾಗಿಲಲ್ಲೇ ನಿಂತು ಮೊದಲು ತನ್ನ ಕೆಲಸದ ವಿಷಯ ಹೇಳಿದಳು.

"ನಾ ಮನ್ಯಾಗ ಕುಂತು ಕೂದಲಾ ಬಿಡಸ್ತೀನ್ರಿ ಅಕ್ಕಾರ. ಅದಕ್ಕ ಹಿಂದಿನ ಮನಿಯವರು ಬ್ಯಾಡ ಅಂದ್ರು. ನಿಮಗ ನಡೀತೈತೇನ್ರಿ?"

ಭಾಗ್ಯನಗರದಲ್ಲಿ ಅದು ಮನೆಮನೆಯ ಕೆಲಸ. ಕಾರ್ಖಾನೆಯವರು ಸಿಕ್ಕುಗಟ್ಟಿದ ಕೂದಲನ್ನು ಚೀಲದಲ್ಲಿ ಕೊಡುತ್ತಾರೆ. ಹೆಂಗಸರು ಎಳೆ ಎಳೆ ಬಿಡಿಸಿ, ಉದ್ದ ನೋಡಿ ಕಟ್ಟು ಕಟ್ಟಿ ಮರಳಿಸುತ್ತಾರೆ. ಮೋರಿಗೆ ಹೋಗದಂತೆ ನೋಡಿಕೊಂಡರೆ ಸಾಕು ಎಂದೆ. ಆರು ವರ್ಷದಲ್ಲಿ ಒಂದು ಸಲವೂ ನಮ್ಮ ಮೋರಿ ಕಟ್ಟಲಿಲ್ಲ.

ಅವಳ ಗಂಡ ಬಾಡಿಗೆದಾರನಂತೆ ಇರಲಿಲ್ಲ. ತಿಂಗಳಿಗೊಮ್ಮೆ ತಾನಾಗಿಯೇ ಮೇಲಿನ ನೀರಿನ ಟ್ಯಾಂಕಿನೊಳಗೆ ಇಳಿದು ತೊಳೆಯುತ್ತಿದ್ದ. ಮೋಟರು ಸದ್ದು ಬದಲಿಸಿದರೆ ನಮಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಒಮ್ಮೆ ನಾನು ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡೆ. ಪ್ಲಾಸ್ಟರ್ ಇದ್ದಾಗಲೇ ಕೆಲಸಕ್ಕೆ ಹೋಗಬೇಕಾಗಿ ಬಂತು. ಅವನು ಆಟೋದ ಹಿಂಭಾಗದಲ್ಲಿ ಕುರ್ಚಿ ಇಟ್ಟು, ಅದನ್ನು ಹಗ್ಗದಿಂದ ಬಿಗಿದು, ದಿನಾಲೂ ನನ್ನನ್ನು ಆಸ್ಪತ್ರೆಗೆ ಬಿಟ್ಟು ಸಂಜೆ ಕರೆತಂದ. ಬಾಡಿಗೆ ಕೊಡಹೋದರೆ ನಕ್ಕುಬಿಟ್ಟ.

"ನನ್ನ ಗಾಡ್ಯಾಗ ದಿನಾ ಸಿಮೆಂಟ್ ಚೀಲಾ ಕುಂದರ್ತಾವ್ರಿ ಅಕ್ಕಾರ. ನಾಕ ದಿನ ಮನಶ್ಯಾರು ಕುಂತ್ರ ಗಾಡಿಗೂ ಮರ್ಯಾದಿ."

ಆ ನಗುವಿನಲ್ಲೇ ನಾನು ಅದನ್ನು ಮೊದಲು ಕಂಡದ್ದು. ಅವನು ಗುಟ್ಕಾ ಹಾಕುತ್ತಿದ್ದ. ನಗುವಾಗ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಮನೆಗೆ ಬಂದಮೇಲೆ ಕಟ್ಟೆಯ ಮೇಲೆ ಕೂರಿಸಿ, ಬ್ಯಾಟರಿ ಹಿಡಿದು ಕೆನ್ನೆಯ ಒಳಗೆ ನೋಡಿದೆ. ಒಂದು ಬಿಳಿ ಹುಣ್ಣು. ನಾಳೆಯೇ ತೋರಿಸು ಎಂದೆ. ತೋರಿಸುತ್ತೇನೆ ಎಂದವನು ಎಂಟು ತಿಂಗಳು ತಳ್ಳಿದ. ನಾನು ಬೈದೆ, ಅವಳು ಅತ್ತಳು, ಅವನು ಗಾಡಿ ಹತ್ತಿ ಹೋದ.

ಕೊನೆಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ದವಡೆಯ ಅರ್ಧ ತೆಗೆದರು. ಆಟೋ ಮಾರಿದರು. ಒಂದು ವರ್ಷ ಸುಮಾರಾಗಿದ್ದ. ಆಮೇಲೆ ಕುತ್ತಿಗೆಯಲ್ಲಿ ಮತ್ತೆ ಗಂಟು ಎದ್ದಿತು. ಈ ಸಲ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರ ಅರ್ಥವೇನೆಂದು ನಾನೇ ಅವಳಿಗೆ ಬಿಡಿಸಿ ಹೇಳಬೇಕಾಯಿತು.

ಗಂಟು ಒಡೆದು ಗಾಯವಾಯಿತು. ಮಾತು ನಿಂತಿತು. ಮೂಗಿನ ನಳಿಕೆಯಲ್ಲಿ ಗಂಜಿ, ಹಾಲು. ಬೆಳಿಗ್ಗೆ ಒಂಬತ್ತಕ್ಕೆ ನಾನು ಮೇಲೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ, ಆಮೇಲೆ ನನ್ನ ಕೆಲಸಕ್ಕೆ ಹೋಗುತ್ತಿದ್ದೆ. ಆ ತಿಂಗಳುಗಳಲ್ಲಿ ನನ್ನನ್ನು ಮಧ್ಯಾಹ್ನದ ಪಾಳಿಗೆ ಹಾಕಿಸಿಕೊಂಡಿದ್ದೆ. ನೋವಿನ ಮಾತ್ರೆ ಪುಡಿ ಮಾಡಿ ನಳಿಕೆಗೆ ಹಾಕುವುದನ್ನು ಅವಳಿಗೆ ಕಲಿಸಿದೆ. ಅವನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದು ಮಾತಾಡುತ್ತಿದ್ದ. "ಇವತ್ತ ಕಡಿಮಿ ಐತಿ ಅಕ್ಕಾರ" ಎಂದು ದಿನಾಲೂ ಬರೆಯುತ್ತಿದ್ದ. ಕಡಿಮೆ ಇರುತ್ತಿರಲಿಲ್ಲ.

ಹೀಗೆ ಐದು ತಿಂಗಳು ನಾನು ಮಾಡಿದ್ದು ಸುಳ್ಳಲ್ಲ. ಅದಕ್ಕೇ ಮುಂದಿನದನ್ನು ಹೇಳುವುದು ನನಗೆ ಕಷ್ಟ.

ಬಲಗಡೆಯ ಮನೆಯಲ್ಲಿ ಆಗ ಒಬ್ಬ ಗುಮಾಸ್ತರ ಸಂಸಾರವಿತ್ತು. ಗಾಯದ ವಾಸನೆ ಗೋಡೆ ದಾಟಿ ಹೋಗುತ್ತಿತ್ತು, ನಿಜ. ಅವರ ಹೆಂಡತಿ ಒಂದು ದಿನ ಕೆಳಗಿಳಿದು ಬಂದಳು.

"ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ಮಕ್ಕಳು ಊಟಾ ಬಿಟ್ಟಾವ. ನಾಳೆ ಅಲ್ಲೇ ಹೆಚ್ಚು ಕಡಿಮಿ ಆತು ಅಂದ್ರ ನಮಗ ಇರಾಕ ಆಗಂಗಿಲ್ಲ. ಮುಂದಿನ ತಿಂಗಳು ಬ್ಯಾರೆ ಮನಿ ನೋಡ್ತೀವ್ರಿ."

ಅವಳು ಹೋದಮೇಲೆ ನನ್ನ ಗಂಡ ಕೇಳಿದರು. "ಖರೇ ಹೇಳು. ಎಷ್ಟು ದಿನ ಅಂತಿ?"

"ಹತ್ತು ದಿನ. ಭಾಳಂದ್ರ ಹದಿನೈದು" ಎಂದೆ. ಇಂಥ ಎಷ್ಟೋ ಜೀವ ಹೋಗುವುದನ್ನು ಹತ್ತಿರ ನಿಂತು ನೋಡಿದ್ದೆ. ನಾಡಿ, ಉಸಿರು, ಕಾಲಿನ ಬಾವು ನೋಡಿ ದಿನ ಹೇಳಬಲ್ಲೆ ಎಂಬ ಸೊಕ್ಕು ನನಗಿತ್ತು.

"ಕೆಟ್ಟ ನಕ್ಷತ್ರದಾಗ ಹೋದ್ರ ಮೂರು ತಿಂಗಳೋ ಆರು ತಿಂಗಳೋ ಬಾಗಲಾ ಹಾಕಬೇಕಾಗತೈತಿ. ಆ ಕಡೆಯವರೂ ಹೋಗ್ತಾರ. ಎರಡೂ ಖಾಲಿ ಆದ್ರ ಬ್ಯಾಂಕಿಗೆ ಏನ ಕಟ್ಟೋಣ? ಆಮ್ಯಾಲ ಸತ್ತ ಮನಿ ಅಂದ್ರ ಯಾರ ಬರ್ತಾರ?" ಎಂದರು. ಆಮೇಲೆ, "ನೀನ ಹೇಳು. ನೀ ಹೇಳಿದ್ರ ಕೇಳ್ತಾರ. ನನ್ನ ಕೈಲೆ ಆಗೂದಿಲ್ಲ" ಎಂದರು.

ನಾನು ಜಗಳ ಮಾಡಬಹುದಿತ್ತು. ಮಾಡಲಿಲ್ಲ. ಆ ಲೆಕ್ಕ ನನ್ನ ತಲೆಯಲ್ಲೂ ಆಗಲೇ ಓಡಿತ್ತು.

ಮರುದಿನ ಭಾನುವಾರ. ಪಟ್ಟಿ ಕಟ್ಟಿ, ಕೈ ತೊಳೆದೆ. ಅವಳು ಯಾವಾಗಿನಂತೆ ಒಗೆದ ಟವೆಲು ಕೊಟ್ಟಳು. ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದೆ.

"ಇನ್ನ ನಾವು ಮಾಡೋದು ಏನೂ ಉಳಿದಿಲ್ಲವಾ. ಇಂಥಾ ಹೊತ್ತಿನ್ಯಾಗ ಮನಶಾ ತನ್ನ ಊರಾಗ, ತನ್ನವರ ನಡುವ ಇರಬೇಕು. ಅಲ್ಲಿ ಅವನ ಅಣ್ಣ ಅದಾನ, ಮಂದಿ ಅದಾರ. ಇಲ್ಲಿ ನೀ ಒಬ್ಬಾಕಿ ಏನ ಮಾಡ್ತಿ?"

ಅವಳು ನನ್ನ ಮುಖವನ್ನೇ ನೋಡಿದಳು. "ಮನಿ ಖಾಲಿ ಮಾಡ್ರಿ ಅಂತೀರೇನ್ರಿ ಅಕ್ಕಾರ?"

"ಹಂಗಲ್ಲವಾ. ನಿಮಗ ಛಲೋ ಆಗಲಿ ಅಂತ..."

"ಎಷ್ಟು ದಿನ ಐತ್ರಿ?"

"ಹತ್ತು ದಿನ ಇರಬೇಕು."

ಅವಳು ಸೆರಗಿನಿಂದ ಒಲೆಯ ಕಟ್ಟೆಯನ್ನು ಒರೆಸಿದಳು. ಅದು ಮೊದಲೇ ಸ್ವಚ್ಛವಿತ್ತು. "ಹತ್ತು ದಿನಾನ ಅಲ್ರಿ? ಅಷ್ಟೂ ಇಲ್ಲೇ ಇರಾಕ ಬರೂದಿಲ್ಲೇನ್ರಿ?"

ನಾನು ನೆಲ ನೋಡಿದೆ. "ಬಾಜೂ ಮನಿಯವರು..." ಎಂದೇನೋ ಶುರುಮಾಡಿದೆ. ಅಷ್ಟರಲ್ಲಿ ಹಾಲ್‌ನಿಂದ ಟಕ್ ಟಕ್ ಸದ್ದಾಯಿತು. ಅವನು ಯಾರನ್ನಾದರೂ ಕರೆಯಬೇಕಾದರೆ ಮಂಚದ ಪಟ್ಟಿಗೆ ಬೆರಳ ಗಿಣ್ಣಿನಿಂದ ಬಡಿಯುತ್ತಿದ್ದ. ನಡುವೆ ಒಂದು ಪರದೆ ಬಿಟ್ಟರೆ ಬೇರೇನಿರಲಿಲ್ಲ, ಎಲ್ಲವೂ ಕೇಳಿಸಿತ್ತು. ಹೋದೆವು. ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದ. ಅಕ್ಷರ ನಡುಗಿದ್ದವು.

"ನಾಳೆ ಮುಂಜಾನೆ ಹೋಗತೀವಿ ಅಕ್ಕಾರ. ಟ್ಯಾಂಕ ತೊಳಿದು ಐದ ತಿಂಗಳ ಆತು. ಯಾರಿಗರ ಹೇಳ್ರಿ."

ಓದಿ, ಹೂಂ ಎಂದೆ. ಮೆಟ್ಟಿಲು ಇಳಿಯುವಾಗ ಗುಮಾಸ್ತರ ಹೆಂಡತಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಅವನ ಗೆಳೆಯನೊಬ್ಬ ಆಟೋ ತಂದ. ಹಿಂದೆ ಹಾಸಿಗೆ ಹಾಸಿ ನಾಲ್ಕು ಜನ ಅವನನ್ನು ಕೆಳಗಿಳಿಸಿದರು. ಮಗಳಿಗೆ ಆಗ ಎಂಟು ವರ್ಷ. ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು, ಶಾಲೆ ಇದೆ ಎಂಬಂತೆಯೇ ಅಪ್ಪನ ಕಾಲಿನ ಹತ್ತಿರ ಕೂತಳು. ನಾನು ಹತ್ತಿ, ಪಟ್ಟಿ, ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಟ್ಟೆ. ಹತ್ತು ದಿನಕ್ಕಾಗುವಷ್ಟು. ಗಂಡ ಅಡ್ವಾನ್ಸ್ ಹಣವನ್ನು ಪೂರ್ತಿ ವಾಪಸು ಕೊಟ್ಟರು. ಬಿಡುವಾಗ ಬಣ್ಣದ ಖರ್ಚು ಹಿಡಿದುಕೊಳ್ಳುವುದು ಎಲ್ಲ ಕಡೆಯ ವಾಡಿಕೆ, ಅದನ್ನೂ ಹಿಡಿಯಲಿಲ್ಲ. ಗಂಡನ ನೆನಪಿನಲ್ಲಿ ಉಳಿದಿರುವುದು ಅದೇ. "ಬಣ್ಣದ ರೊಕ್ಕಾ ಸೈತ ಹಿಡೀಲಿಲ್ಲ ನಾವು" ಎಂದು ಈಗಲೂ ಯಾರಾದರೂ ಕೇಳಿದರೆ ಹೇಳುತ್ತಾರೆ.

ಆಟೋ ಹೊರಟಾಗ ಅವನು ಕೈ ಎತ್ತಿ ನಮಸ್ಕಾರ ಮಾಡಿದ.

ಹತ್ತು ದಿನ ಕಾದೆ. ಹದಿನೈದು ದಿನ ಕಾದೆ. ಕಾದದ್ದು ಸಾವಿನ ಸುದ್ದಿಗಾಗಿ; ಅದನ್ನು ಮುಚ್ಚಿಡುವುದಿಲ್ಲ. ಸುದ್ದಿ ಬರಲಿಲ್ಲ. ಅವನು ಹೋಗಿರಬೇಕು, ನಮಗೆ ತಿಳಿಸಲು ಅವರಿಗೆ ಮನಸ್ಸಾಗಿರಲಿಕ್ಕಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡೆ. ಫೋನ್ ನಂಬರ್ ನನ್ನಲ್ಲಿತ್ತು. ಒತ್ತಲಿಲ್ಲ. ಮನೆಗೆ ಬಣ್ಣ ಹೊಡೆಸಿದೆವು. ವಾಸನೆ ಹೋಯಿತು. ಹೊಸಬರು ಬಂದರು. ಅಷ್ಟರಲ್ಲಿ ಆ ಗುಮಾಸ್ತರಿಗೆ ವರ್ಗವಾಗಿ, ಅವರೂ ಹೊರಟುಹೋದರು.

ಎರಡು ತಿಂಗಳಾದ ಮೇಲೆ ನಮ್ಮ ಓಣಿಯಲ್ಲಿ ಕೂದಲು ಬಿಡಿಸುವ ಹೆಂಗಸೊಬ್ಬಳು ಸಿಕ್ಕಳು. "ಮೊನ್ನೆ ಮೊನ್ನೆ ತೀರಿಕೊಂಡ್ನಂತ್ರಿ" ಎಂದಳು. ಮೊನ್ನೆ ಮೊನ್ನೆ ಎಂಬ ಮಾತು ನನಗೆ ಅರ್ಥವಾಗಲಿಲ್ಲ. ರಜೆ ಹಾಕಿ ಕುಷ್ಟಗಿಯ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ಮನೆಯಿಂದ ಹೊರಟು ಊರು ಮುಟ್ಟಲು ಮೂರು ತಾಸೂ ಹಿಡಿಯಲಿಲ್ಲ.

ಅಣ್ಣನ ಮನೆ ಕೇಳಿಕೊಂಡು ಹೋದೆ. ಅಣ್ಣನ ಹೆಂಡತಿ ಒಳಗೆ ಕರೆಯದೆ ಹೊಲದ ಕಡೆ ಕೈ ತೋರಿಸಿದಳು. ಹೊಲದ ಬದುವಿನಲ್ಲಿ, ಪಂಪ್‌ಸೆಟ್ಟಿನ ಪಕ್ಕ ಒಂದು ತಗಡಿನ ಶೆಡ್ಡು. ಗೊಬ್ಬರದ ಚೀಲ ಇಡುತ್ತಿದ್ದ ಜಾಗ. ಅವಳು ಬಾಗಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು, ಕೂರಲು ಚೀಲ ಹಾಸಿದಳು.

"ನೀವು ಇಲ್ಲೇ ಇದ್ದಿರೇನವಾ?" ಎಂದೆ.

"ಇಲ್ಲೇ ಇದ್ವಿ. ಅವರ ಮನ್ಯಾಗ ಸಣ್ಣ ಮಕ್ಳು ಅದಾವ್ರಿ. ವಾಸನಿ ಬರತಿತ್ತು. ಮತ್ತ ಮನ್ಯಾಗ ಜೀವ ಹೋದ್ರ ಅಂತ ಅವರಿಗೂ ಅಂಜಿಕಿ."

"ಯಾವಾಗ ಆತವಾ?"

"ಹದಿನೆಂಟು ದಿನ ಆತ್ರಿ. ನೀವು ಹತ್ತು ದಿನ ಅಂದಿದ್ರಿ. ನಲವತ್ಮೂರು ದಿನ ಇದ್ರು."

ದೂರುವ ದನಿ ಅದರಲ್ಲಿರಲಿಲ್ಲ. ಮಳೆ ಯಾವಾಗ ಬಂತು ಎಂದು ಹೇಳಿದಂತೆ ಹೇಳಿದಳು. ನಲವತ್ತಮೂರು ದಿನ, ಬೇಸಿಗೆಯಲ್ಲಿ, ಆ ತಗಡಿನ ಕೆಳಗೆ. ನಾನು ತಲೆ ಎತ್ತಿ ಶೆಡ್ಡಿನ ತಗಡು ನೋಡಿದೆ. ಸೂರ್ಯನ ಬೆಳಕು ತೂತುಗಳಿಂದ ಇಳಿಯುತ್ತಿತ್ತು.

"ಪಟ್ಟಿ ತೀರಿದಮ್ಯಾಲ ಸೀರಿ ಹರಿದು ಕುದಿಸಿ ಒಣಗಿಸಿ ಕಟ್ಟಿದ್ನಿ. ನೀವು ಮಾಡೋದು ದಿನಾ ನೋಡಿದ್ನೆಲ್ರಿ. ಹುಳಾ ಬಿದ್ದಿದ್ವು. ನಾನ ತಗದ್ನಿ."

"ನನಗ ಒಂದು ಫೋನ್ ಮಾಡಬಾರದಾಗಿತ್ತೇನವಾ?"

ಅವಳು ಮೆಣಸಿನಕಾಯಿಯ ಗುಡ್ಡೆಯನ್ನು ಒಂದು ಬದಿಗೆ ಸರಿಸಿದಳು. ಆಮೇಲೆ ತಾನೇ ಹೇಳಿದಳು.

"ಮುಂಜಾನೆ ಒಂಬತ್ತರ ಹೊತ್ತಿಗೆ ಅವರು ಬಾಗಲಾ ನೋಡ್ತಿದ್ರು. ನೀವು ಬರೂ ಹೊತ್ತಲ್ರಿ ಅದು. ಮೊದಲ ಮೊದಲ ನೋಡ್ತಿದ್ರು. ಆಮ್ಯಾಲ ಬಿಟ್ರು."

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು ನಾನು, ಜನರ ಮುಂದೆ ಅಳುವವಳಲ್ಲ. ಅವತ್ತು ಆ ಚೀಲದ ಮೇಲೆ ಕೂತು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಮೂರು ಕಲ್ಲಿನ ಒಲೆ ಹಚ್ಚಿ ಚಹಾ ಇಟ್ಟಳು. ಶೆಡ್ಡಿನ ಪಕ್ಕದಲ್ಲಿದ್ದ ಮಗಳು ಹಾಲು ತರಲು ಓಡಿದಳು.

ಹೊರಡುವಾಗ ಅವಳ ಕೈ ಹಿಡಿದೆ. "ವಾಪಸ್ ಬಾ. ಮಗಳ ಸಾಲಿ ಐತಿ. ಈಗ ಇದ್ದವರಿಗೆ ಬ್ಯಾರೆ ಮನಿ ನೋಡ್ಕೋ ಅಂತೀನಿ. ಬಾಡಿಗಿ ಬ್ಯಾಡ."

"ಇನ್ನೊಬ್ಬರನ್ನ ಬಿಡಸ್ತೀರೇನ್ರಿ?" ಎಂದಳು. ಆಮೇಲೆ ಮೆಲ್ಲಗೆ, "ಬ್ಯಾಡ್ರಿ ಅಕ್ಕಾರ. ಆ ಮೆಟ್ಟಲಾ ನನಗ ಹತ್ತಾಕ ಆಗಂಗಿಲ್ಲ" ಎಂದಳು.

ಇದಾಗಿ ಎರಡು ವರ್ಷದ ಮೇಲೆ ಗಂಗಾವತಿಯ ಬಸ್ ನಿಲ್ದಾಣದಲ್ಲಿ ಅವಳು ಮತ್ತೆ ಸಿಕ್ಕಳು. ನಾನು ಒಂದು ಮದುವೆಗೆ ಹೋಗಿ ಮರಳುತ್ತಿದ್ದೆ. ಅವಳೇ ಗುರುತಿಸಿ ಹತ್ತಿರ ಬಂದಳು. ಸೊರಗಿದ್ದಳು, ಆದರೆ ಸೀರೆ ಇಸ್ತ್ರಿ ಮಾಡಿದ್ದಿತ್ತು. ಒಂದು ಅಕ್ಕಿ ಗಿರಣಿಯಲ್ಲಿ ಕಸ ಆರಿಸುವ ಕೆಲಸ. ಮಗಳು ಸರಕಾರಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ತಾನು ಗಿರಣಿಯ ಹತ್ತಿರವೇ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೇನೆ ಎಂದಳು.

"ಮಾಲಕರು ಹೆಂಗ ಅದಾರ?" ಕೇಳಬಾರದ್ದನ್ನು ಕೇಳಿದೆನೇನೋ ಎನ್ನಿಸಿತು. ಆದರೆ ಅವಳು ಸಹಜವಾಗಿಯೇ ಉತ್ತರಿಸಿದಳು.

"ಛಲೋ ಅದಾರ್ರಿ. ಜಡ್ಡು ಗಿಡ್ಡು ಆಗಿ ಮಲಕ್ಕೊಂಡ್ರ ಖೋಲಿ ಬಿಡಬೇಕು ಅಂತ ಒಳಗ ಬರೂ ದಿನಾನ ಹೇಳ್ಯಾರ. ಮೊದಲ ಹೇಳಿದ್ರ ಛಲೋ ಅಲ್ರಿ ಅಕ್ಕಾರ? ಗೊತ್ತಿರತೈತಿ."

ಅವಳಿಗೆ ನನ್ನನ್ನು ಚುಚ್ಚುವ ಇರಾದೆ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳಿಗೆ ನಿಜವಾಗಿಯೂ ಅದು ಒಳ್ಳೆಯ ಮಾಲಕರ ಗುಣವಾಗಿ ಕಂಡಿತ್ತು. ಒಳ್ಳೆಯವರು ಎಂದರೆ ಇಷ್ಟೇ ಎಂದು ಅವಳಿಗೆ ಕಲಿಸಿದವಳು ನಾನು. ಕೊಪ್ಪಳದ ಬಸ್ಸು ಬಂತು. ಅವಳೇ ನನ್ನ ಚೀಲ ಎತ್ತಿಕೊಟ್ಟಳು.

ಮುಂದಿನ ಸಲ ಎಡಗಡೆಯ ಮನೆ ಖಾಲಿಯಾದಾಗ, ಕರಾರುಪತ್ರ ಟೈಪ್ ಮಾಡಿಸಲು ನಾನೇ ಹೋದೆ. ಹನ್ನೊಂದು ತಿಂಗಳ ಅವಧಿ, ಅಡ್ವಾನ್ಸ್, ಕರೆಂಟು, ನೀರು ಎಂದು ಟೈಪಿಸ್ಟ್ ಎಂದಿನಂತೆ ಹೊಡೆದ. ಕೊನೆಯಲ್ಲಿ ಒಂದು ಸಾಲು ಸೇರಿಸು ಎಂದೆ: ಬಾಡಿಗೆದಾರರ ಮನೆಯಲ್ಲಿ ಕಾಯಿಲೆಯಾಗಲಿ, ಸಾವಾಗಲಿ ಸಂಭವಿಸಿದರೆ, ಆ ಕಾರಣಕ್ಕೆ ಮಾಲಕರು ಮನೆ ಬಿಡಿಸತಕ್ಕದ್ದಲ್ಲ.

ಅವನ ಬೆರಳು ನಿಂತವು. "ಅಮ್ಮಾರ, ಇಷ್ಟು ವರ್ಷದಾಗ ಇಂಥಾದ್ದು ಯಾರೂ ಬರಸಿಲ್ರಿ. ಅಪಶಕುನ ಆಗತೈತಿ."

"ನೀ ಬರಿಯಪ್ಪಾ" ಎಂದೆ.

ಅವನು ಹೇಳಿದ್ದೇ ಆಯಿತು. ಹೊಸದಾಗಿ ಮದುವೆಯಾದ ಜೋಡಿಯೊಂದು ಮನೆ ಮೆಚ್ಚಿ, ಸಹಿ ಹಾಕಲು ಕೂತವರು ಆ ಸಾಲು ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಾಳೆ ಬರುತ್ತೇವೆ ಎಂದು ಹೋದರು. ಬರಲಿಲ್ಲ. ಇನ್ನೊಬ್ಬರು, "ಈ ಮನ್ಯಾಗ ಏನರ ಆಗೇತೇನ್ರಿ?" ಎಂದು ನೇರವಾಗಿಯೇ ಕೇಳಿದರು. ಮೂರು ತಿಂಗಳು ಮನೆ ಖಾಲಿ ಇತ್ತು. ಗಂಡ ಆ ಸಾಲು ತೆಗೆ ಎಂದು ಮಾತ್ರ ಹೇಳಲಿಲ್ಲ.

ಆಮೇಲೆ ಯಲಬುರ್ಗಾ ಕಡೆಯ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರರು ಬಂದರು. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ತಾಯಿ ಜೊತೆಗಿದ್ದರು. ಆ ಕಾರಣಕ್ಕೇ ನಾಲ್ಕು ಕಡೆ ಮನೆ ಸಿಕ್ಕಿರಲಿಲ್ಲವಂತೆ. ಕರಾರುಪತ್ರವನ್ನು ಎರಡು ಸಲ ಓದಿ ನನ್ನ ಕಡೆ ನೋಡಿದರು.

"ಇದು ಖರೇ ಏನ್ರಿ ಅಕ್ಕಾರ?"

"ಖರೇನ ರೀ" ಎಂದೆ.

ತಾಯಿ ಏಳು ತಿಂಗಳು ಇದ್ದರು. ಒಂದು ಬೆಳಿಗ್ಗೆ, ಗಂಜಿ ಕುಡಿಸಿದ ಸ್ವಲ್ಪ ಹೊತ್ತಿಗೆ, ಆ ಎಡಗಡೆಯ ಹಾಲ್‌ನಲ್ಲಿಯೇ ತೀರಿಕೊಂಡರು. ನಾನು ಪಕ್ಕದಲ್ಲಿದ್ದೆ. ಬಾಯಿಗೆ ನೀರು ಬಿಟ್ಟೆ, ಕಣ್ಣು ಮುಚ್ಚಿದೆ. ನಕ್ಷತ್ರ ಸರಿಯಿಲ್ಲ, ಮೂರು ತಿಂಗಳು ಬಾಗಿಲು ಹಾಕಿ ಎಂದು ಪಂಚಾಂಗ ನೋಡಿದ ಸ್ವಾಮಿಗಳು ಹೇಳಿದರು, ಆಗಲಿ, ಅಲ್ಲಿಯವರೆಗೆ ಮಾಸ್ತರರು ಕೆಳಗೆ ನಮ್ಮ ಜೊತೆಗಿರಲಿ ಎಂದೆವು. ಮಾಸ್ತರರು ಅಳುತ್ತಲೇ ಬಗ್ಗಿ ನನ್ನ ಕಾಲು ಮುಟ್ಟಲು ಬಂದರು.

"ನಿಮ್ಮಂಥವರು ಇಲ್ರಿ ಅಕ್ಕಾರ. ಬ್ಯಾರೆಯವರಾಗಿದ್ರ ನಮ್ಮವ್ವನ್ನ ಹೊರಗ ಹಾಕತಿದ್ರು."

ಬೈಗುಳ ತಿಂದಿದ್ದೇನೆ, ಸುಳ್ಳು ಆಪಾದನೆಯನ್ನೂ ಕೇಳಿದ್ದೇನೆ. ಯಾವ ಮಾತಿಗೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಕಾಲು ಹಿಂದಕ್ಕೆ ಎಳೆದುಕೊಂಡೆ. ನಾನು ಯಾರನ್ನು ಹೊರಗೆ ಹಾಕಿದ್ದೆ ಎಂದು ಅವರಿಗೆ ಅವತ್ತು ಹೇಳುವುದು ಸರಿಯಲ್ಲ ಎನ್ನಿಸಿತು. ಬಂದವರಿಗೆ ಕೂರಲು ಜಾಗ ಮಾಡಬೇಕಿತ್ತು. ಗಂಡ ಅಂಗಳದಲ್ಲಿ ಆಗಲೇ ಚಾಪೆ ಬಿಚ್ಚುತ್ತಿದ್ದರು. ನಾನು ಕೆಳಗಿಳಿದು ಇನ್ನೊಂದು ತುದಿ ಹಿಡಿದೆ.